ಕುಡುಗೋಲು ಹಿಡಿದ ಕೈಗೆ ವರ್ನಿಯರ್

ಕಾರವಾರದ ಹಬ್ಬುವಾಡದ ರಸ್ತೆಯಲ್ಲಿ ಬೆಳಗಿನ ಹೊತ್ತು ನಿಂತರೆ ಎರಡು ಬಗೆಯ ಕೆಲಸಗಾರರು ಕಣ್ಣಿಗೆ ಬೀಳುತ್ತಾರೆ. ಸಮವಸ್ತ್ರ ತೊಟ್ಟು, ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡು, ಗಡಿಯಾರ ನೋಡುತ್ತ ಹೊರಡುವವರು ಒಂದು ಬಗೆ. ಬುತ್ತಿಯ ಚೀಲ ಹಿಡಿದು, ಇಂದು ಕೆಲಸ ಸಿಕ್ಕೀತೋ ಇಲ್ಲವೋ ಎಂದು ಗುತ್ತಿಗೆದಾರನ ವಾಹನ ಕಾಯುವವರು ಇನ್ನೊಂದು ಬಗೆ. ಇಬ್ಬರೂ ಹೋಗುವುದು ಒಂದೇ ಸ್ಥಾವರಕ್ಕಿರಬಹುದು. ಇಬ್ಬರ ಅಜ್ಜಂದಿರೂ ಒಂದೇ ಒಡೆಯನ ಗದ್ದೆಯಲ್ಲಿ ನಾಟಿ ನೆಟ್ಟವರಿರಬಹುದು. ಬುದ್ಧಿಯಲ್ಲಾಗಲಿ, ಮೈಬಲದಲ್ಲಾಗಲಿ ಅವರಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ. ಅನೇಕ ವೇಳೆ ಅವರನ್ನು ಬೇರೆ ಮಾಡಿದ್ದು ಎಸ್ಸೆಸ್ಸೆಲ್ಸಿಯ ನಂತರದ ಎರಡು ವರ್ಷ, ಅಷ್ಟೇ.

ಆ ಎರಡು ವರ್ಷಗಳಲ್ಲಿ ಏನಾಗುತ್ತದೆ? ಕೃಷಿ ಕೂಲಿಯ ಮನೆಯಲ್ಲಿ ಬೆಳೆದ ಮಗು ಕುಶಲಕರ್ಮಿಯಾಗುವುದು ಹೇಗೆ? ದಾರಿಯಲ್ಲಿ ಅದು ಎಡವುವುದೆಲ್ಲಿ? ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನ್ನಂಥವರಿಗೆ ಇದು ಪ್ರತಿವರ್ಷ ಮೇ ತಿಂಗಳಲ್ಲಿ ಎದುರಾಗುವ ಪ್ರಶ್ನೆ.

ಗೇಣಿಯ ಕಾಲದಿಂದ ಸ್ಥಾವರದ ಕಾಲಕ್ಕೆ

ಕಾರವಾರ ಹಾಗೂ ಅಂಕೋಲೆಯ ಸೀಮೆಯಲ್ಲಿ ನೆಲ ಕಡಿಮೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ. ನಡುವೆ ಸಿಕ್ಕಿದ ಇಷ್ಟಗಲ ಪಟ್ಟಿಯಲ್ಲಿ ಭತ್ತ, ತೆಂಗು, ಹೊಳೆಯಂಚಿನಲ್ಲಿ ಗಜನಿ ಭೂಮಿ. ಅದೂ ಒಂದು ಕಾಲದಲ್ಲಿ ಕೆಲವೇ ಒಡೆಯರ ಕೈಯಲ್ಲಿತ್ತು. ಬೆಳೆದವನು ಗೇಣಿ ಅಳೆದುಕೊಟ್ಟು ಉಳಿದದ್ದರಲ್ಲಿ ಹೊಟ್ಟೆ ಹೊರೆಯಬೇಕಿತ್ತು. ಈ ಗೇಣಿದಾರರನ್ನು ಸಂಘಟಿಸಿದವರು ಅಂಕೋಲೆಯ ದಿನಕರ ದೇಸಾಯಿ. ಚುಟುಕು ಕವಿಯೆಂದು ನಾಡಿಗೆಲ್ಲ ಪರಿಚಿತರಾದ ಅವರನ್ನು 1940ರಲ್ಲಿ ಬ್ರಿಟಿಷ್ ಸರಕಾರ ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಮರಳಿ ಬಂದ ಮೇಲೆ ಅವರು ಹಿಡಿದ ದಾರಿ ಶಿಕ್ಷಣದ್ದು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಲ್ಲಿ ಹೈಸ್ಕೂಲುಗಳನ್ನು ತೆರೆದರು. ಒಕ್ಕಲಿನ ಮಗನಿಗೆ ಹೊಲವೊಂದೇ ಸಾಲದು, ಅಕ್ಷರವೂ ಬೇಕು ಎಂಬುದನ್ನು ಅವರು ಮೊದಲೇ ಕಂಡುಕೊಂಡಿದ್ದರು.

1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಗೇಣಿದಾರ ಒಡೆಯನಾದ. ಅದು ಸಣ್ಣ ಮಾತಲ್ಲ. ಆದರೆ ಗೇಣಿಚೀಟಿಯೂ ಇಲ್ಲದೆ ಬರಿಯ ಕೂಲಿಗೆ ದುಡಿಯುತ್ತಿದ್ದವನ ಪಾಲಿಗೆ ಗದ್ದೆ ಬರಲಿಲ್ಲ. ಗದ್ದೆ ಬಂದವರ ಮನೆಯಲ್ಲೂ ಎರಡು ತಲೆಮಾರಿನಲ್ಲಿ ಹಿಸೆಯಾಗಿ ಎಕರೆ ಹೋಗಿ ಗುಂಟೆ ಉಳಿಯಿತು. ಅಷ್ಟರಲ್ಲಿ ದೊಡ್ಡ ಯೋಜನೆಗಳು ಬಂದವು. ಕಾಳಿ ನದಿಗೆ ಅಣೆಕಟ್ಟುಗಳು, ಕೈಗಾದ ಅಣುವಿದ್ಯುತ್ ಸ್ಥಾವರ, ಕೊಂಕಣ ರೈಲು, ಕೊನೆಗೆ ಸೀಬರ್ಡ್ ನೌಕಾನೆಲೆ. 1986ರ ಅಕ್ಟೋಬರ್ 24ರಂದು ಅಂದಿನ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. 2005ರಲ್ಲಿ ಐಎನ್‌ಎಸ್ ಕದಂಬ ಸೇವೆಗೆ ಸೇರಿತು. ಈ ನಡುವೆ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಕಡಲತೀರ ಬಿಟ್ಟು ತೋಡೂರು, ಚಿತ್ತಾಕುಲ ಮೊದಲಾದ ಕಡೆ ಕಾಲೊನಿಗಳಿಗೆ ಬಂದವು.

ಹೀಗೆ ನೆಲ ಹೋದಲ್ಲಿ ಯಂತ್ರ ಬಂತು. ಯಂತ್ರದ ಮುಂದೆ ನಿಲ್ಲುವವರು ಯಾರು ಎಂಬುದೇ ಅಂದಿನಿಂದ ನಮ್ಮ ಊರಿನ ದೊಡ್ಡ ಪ್ರಶ್ನೆ. ಸ್ಥಳೀಯರಿಗೆ ಕೆಲಸ ಕೊಡಿ ಎಂದು ಕೂಗುವುದು ನ್ಯಾಯವೇ. ಆದರೆ ಕೆಲಸ ಎಂಬ ಒಂದೇ ಶಬ್ದದೊಳಗೆ ಗುಂಡಿ ತೋಡುವುದೂ ಇದೆ, ಟರ್ಬೈನಿನ ಬೇರಿಂಗ್ ಕೂರಿಸುವುದೂ ಇದೆ. ಮೊದಲನೆಯದಕ್ಕೆ ಮೈ ಸಾಕು. ಎರಡನೆಯದಕ್ಕೆ ತರಬೇತಿ ಬೇಕು.

ಕೆಸರಿನಲ್ಲಿ ಕಲಿತ ವಿಜ್ಞಾನ

ಕೂಲಿಯವರ ಮಕ್ಕಳಿಗೆ ಏನೂ ಗೊತ್ತಿಲ್ಲ ಎಂದು ತಿಳಿಯುವವರು ಅವರೊಡನೆ ಅರ್ಧ ದಿನ ಗದ್ದೆಯಲ್ಲಿ ಕಳೆಯಬೇಕು. ಗದ್ದೆಯ ನೀರು ಸಮನಾಗಿ ನಿಲ್ಲದಿದ್ದರೆ ಒಂದು ಕಡೆ ಸಸಿ ಮುಳುಗುತ್ತದೆ, ಇನ್ನೊಂದು ಕಡೆ ಕಳೆ ಏಳುತ್ತದೆ. ಹನ್ನೆರಡು ವರ್ಷದ ಹುಡುಗ ನೀರಿನ ಮೇಲೆ ಕಣ್ಣಾಡಿಸಿ, ಎಲ್ಲಿ ಮಣ್ಣು ಎಳೆಯಬೇಕು ಎಂದು ಹೇಳಬಲ್ಲ. ಗವಂಡಿಯ ರಸಮಟ್ಟ ಮಾಡುವುದೂ ಇದನ್ನೇ. ನಿಂತ ದ್ರವದ ಮೇಲ್ಮೈ ಯಾವಾಗಲೂ ಸಮತಲ.

ಗಜನಿ ಭೂಮಿಯಲ್ಲಿ ದುಡಿದವರ ಮಕ್ಕಳಿಗೆ ಭರತ ಇಳಿತಗಳ ಲೆಕ್ಕ ಬಾಯಿಪಾಠ. ಇಳಿತದಲ್ಲಿ ತೂಬಿನ ಹಲಗೆ ಎತ್ತಿ ಮಳೆನೀರು ಹೊರಬಿಡಬೇಕು, ಭರತ ಏರುವ ಮುಂಚೆ ಹಲಗೆ ಇಳಿಸಿ ಉಪ್ಪುನೀರು ತಡೆಯಬೇಕು. ಇಂಥ ನೆಲಕ್ಕೆಂದೇ ಉಪ್ಪು ತಾಳುವ ಕಗ್ಗ ಎಂಬ ಭತ್ತದ ತಳಿಯನ್ನು ನಮ್ಮ ಹಿರಿಯರು ಉಳಿಸಿಕೊಂಡು ಬಂದರು. ಒಂದೇ ದಿಕ್ಕಿಗೆ ಹರಿವು ಬಿಡುವ ಸಾಧನಕ್ಕೆ ಕಾರ್ಖಾನೆಯಲ್ಲಿ ನಾನ್‌ರಿಟರ್ನ್ ವಾಲ್ವ್ ಎನ್ನುತ್ತಾರೆ. ಹೆಸರು ಹೊಸತು, ತತ್ವ ಹಳೆಯದು.

ಪಂಪ್‌ಸೆಟ್ಟಿನ ವಿಷಯ ನೋಡಿ. ಪಂಪು ತಿರುಗುತ್ತಿದೆ, ನೀರು ಬರುತ್ತಿಲ್ಲ. ಒಡೆಯನ ತೋಟದಲ್ಲಿ ಕೆಲಸಕ್ಕಿರುವ ಹುಡುಗ ನೇರವಾಗಿ ಬಾವಿಯ ಕೆಳಗಿನ ಫುಟ್‌ವಾಲ್ವಿಗೆ ಕಸ ಸಿಕ್ಕಿದೆಯೇ ಎಂದು ನೋಡುತ್ತಾನೆ. ಆಮೇಲೆ ಪೈಪಿಗೆ ನೀರು ತುಂಬಿ ಗಾಳಿ ಹೊರಗೆ ಹಾಕುತ್ತಾನೆ. ಪಂಪು ನೀರನ್ನು ಎಳೆಯುವುದಿಲ್ಲ, ಹೊರಗಿನ ವಾಯುಭಾರ ಅದನ್ನು ಮೇಲಕ್ಕೆ ತಳ್ಳುತ್ತದೆ. ಆ ಭಾರಕ್ಕೆ ನೀರನ್ನು ಸುಮಾರು 10 ಮೀಟರಿಗಿಂತ ಮೇಲೆತ್ತುವ ಶಕ್ತಿಯಿಲ್ಲ. ವ್ಯವಹಾರದಲ್ಲಿ ಏಳೆಂಟು ಮೀಟರೇ ಮಿತಿ. ಈ ಸೂತ್ರ ಹುಡುಗನಿಗೆ ಗೊತ್ತಿಲ್ಲ. ಆದರೆ ಬೇಸಿಗೆಯಲ್ಲಿ ಬಾವಿಯ ನೀರು ಇಳಿದಾಗ ಪಂಪನ್ನೂ ಕೆಳಗಿಳಿಸಬೇಕು ಎಂಬುದು ಗೊತ್ತು.

ಕುಡುಗೋಲಿಗೆ ಹದ ಕೊಡುವುದನ್ನು ಕಮ್ಮಾರನ ಕುಲುಮೆಯ ಪಕ್ಕ ಕುಳಿತು ನೋಡಿದವರು ಇನ್ನೂ ಇದ್ದಾರೆ. ಕೆಂಪಗೆ ಕಾಯಿಸಿ ನೀರಿಗದ್ದಿದ ಉಕ್ಕು ಗಡಸಾಗುತ್ತದೆ, ಆದರೆ ಗಾಜಿನಂತೆ ಮುರಿಯುತ್ತದೆ. ಆದ್ದರಿಂದ ಕಮ್ಮಾರ ಅದನ್ನು ಮತ್ತೆ ಹಿತವಾಗಿ ಕಾಯಿಸುತ್ತಾನೆ. ಉಜ್ಜಿದ ಅಂಚಿನಲ್ಲಿ ಹುಲ್ಲಿನ ಹಳದಿ ಬಣ್ಣ ಬಂತೆಂದರೆ ಸುಮಾರು 220 ರಿಂದ 240 ಡಿಗ್ರಿ ಸೆಲ್ಸಿಯಸ್. ನೀಲಿ ಬಂತೆಂದರೆ 300ರ ಹತ್ತಿರ. ಉಷ್ಣಮಾಪಕವಿಲ್ಲದೆ ಬಣ್ಣದಿಂದಲೇ ಉಷ್ಣ ಹೇಳುವ ಈ ವಿದ್ಯೆಯನ್ನು ಲೋಹಶಾಸ್ತ್ರದ ಪುಸ್ತಕಗಳೂ ಹೇಳುತ್ತವೆ.

ಇಷ್ಟೆಲ್ಲ ಗೊತ್ತಿದ್ದರೂ ಆ ಹುಡುಗನನ್ನು ಲೋಕ ಕರೆಯುವುದು ಕೂಲಿ ಎಂದೇ. ಅವನ ತಿಳಿವಳಿಕೆಗೆ ಹೆಸರಿಲ್ಲ, ಅಳತೆಯಿಲ್ಲ, ಕಾಗದವಿಲ್ಲ. ತರಬೇತಿ ಕೊಡುವುದು ಈ ಮೂರನ್ನು.

ಕಾಗದವಿಲ್ಲದ ಪಂಡಿತೆ

ಕಾಗದವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರ ಬದುಕೇ ಸಾಕ್ಷಿ. ಹಾಲಕ್ಕಿ ಒಕ್ಕಲಿಗರ ಬಡ ಮನೆಯಲ್ಲಿ ಹುಟ್ಟಿ, ತೀರ ಚಿಕ್ಕವರಿದ್ದಾಗಲೇ ತಂದೆಯನ್ನು ಕಳೆದುಕೊಂಡ ಅವರು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ತಾಯಿಯ ಜೊತೆ ಅರಣ್ಯ ಇಲಾಖೆಯ ಸಸಿತೋಟಕ್ಕೆ ದಿನಗೂಲಿಗೆ ಹೋದರು. ಅಲ್ಲಿ ಕೆಲಸ ಮಾಡುತ್ತಲೇ ಕಲಿತರು. ಕಾಡಿನಲ್ಲಿ ಯಾವ ಮರ ತಾಯಿಮರ, ಅದರ ಬೀಜ ಯಾವ ವಾರ ಆರಿಸಿದರೆ ಚೆನ್ನಾಗಿ ಮೊಳೆಯುತ್ತದೆ, ಯಾವ ಬೀಜವನ್ನು ಹೇಗೆ ಹದಗೊಳಿಸಬೇಕು ಎಂಬುದರಲ್ಲಿ ಓದಿದ ಅಧಿಕಾರಿಗಳೂ ಅವರನ್ನು ಕೇಳುವಂತಾಯಿತು. ಕಾಡುಮರಗಳ ಬೀಜಗಳಲ್ಲಿ ಕೆಲವು ಕೆಲವೇ ದಿನಗಳಲ್ಲಿ ಜೀವ ಕಳೆದುಕೊಳ್ಳುತ್ತವೆ, ಕೆಲವು ತಿಂಗಳುಗಟ್ಟಲೆ ನಿದ್ರಿಸುತ್ತವೆ. ಇದನ್ನು ಅರಿಯಲು ಸಸ್ಯಶಾಸ್ತ್ರಜ್ಞರು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕೂರುತ್ತಾರೆ.

ಇಂಥ ಪರಿಣತೆ ಮೂವತ್ತು ವರ್ಷಕ್ಕೂ ಮೀರಿ ದಿನಗೂಲಿಯಾಗಿಯೇ ಇದ್ದರು. ಕೆಲಸ ಕಾಯಂ ಆದದ್ದು ಆಮೇಲೆ. 1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ ಬಂತು. 2020ರಲ್ಲಿ ಘೋಷಣೆಯಾದ ಪದ್ಮಶ್ರೀಯನ್ನು 2021ರ ನವೆಂಬರಿನಲ್ಲಿ ಅವರು ಬರಿಗಾಲಲ್ಲಿ ನಡೆದುಹೋಗಿ ಸ್ವೀಕರಿಸಿದಾಗ ದೇಶವೇ ನೋಡಿತು. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು. ಅವರ ಬಗ್ಗೆ ಹೆಮ್ಮೆಪಡುವಾಗ ಒಂದು ಮಾತು ನೆನಪಿಡಬೇಕು. ಕೈಯಲ್ಲಿ ವಿದ್ಯೆಯಿದ್ದೂ ಪದ್ಮಶ್ರೀ ಬಾರದ ಎಷ್ಟೋ ಜನ ಕೊನೆಯವರೆಗೂ ದಿನಗೂಲಿಯ ಹಾಜರಿ ಪುಸ್ತಕದಲ್ಲೇ ಉಳಿಯುತ್ತಾರೆ.

ಅರದಿಂದ ಆರಂಭ

ಕೈಯ ವಿದ್ಯೆಗೆ ಕಾಗದ ಕೊಡುವ ವ್ಯವಸ್ಥೆ ನಮ್ಮಲ್ಲಿ ಹೊಸದೇನಲ್ಲ. ಕುಶಲಕರ್ಮಿ ತರಬೇತಿ ಯೋಜನೆಯನ್ನು ಕೇಂದ್ರ ಸರಕಾರ 1950ರಲ್ಲೇ ಆರಂಭಿಸಿತು. ಅದರ ಫಲವೇ ಇಂದಿನ ಐಟಿಐಗಳು. ಫಿಟ್ಟರ್, ಎಲೆಕ್ಟ್ರೀಷಿಯನ್, ಟರ್ನರ್ ಮುಂತಾದ ವೃತ್ತಿಗಳಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಎರಡು ವರ್ಷ ಕಲಿಯಬೇಕು. ವೆಲ್ಡರ್ ಒಂದು ವರ್ಷದ್ದು. ಅದಕ್ಕೂ ವೈರ್‌ಮನ್‌ನಂಥ ಕೆಲವು ವೃತ್ತಿಗಳಿಗೂ ಎಂಟನೆಯ ತರಗತಿ ಮುಗಿಸಿದವರು ಸೇರಬಹುದು. ಹತ್ತನೆಯ ತರಗತಿಯಲ್ಲಿ ಗಣಿತ ಕೈಕೊಟ್ಟ ಹುಡುಗನಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ ಎಂಬುದು ಬಹಳ ತಂದೆತಾಯಿಗಳಿಗೆ ಗೊತ್ತೇ ಇಲ್ಲ.

ಫಿಟ್ಟರ್ ಆಗಲು ಸೇರಿದವನಿಗೆ ಮೊದಲ ವಾರಗಳಲ್ಲಿ ಸಿಗುವುದು ಒಂದು ಕಬ್ಬಿಣದ ತುಂಡು, ಒಂದು ಅರ. ತುಂಡನ್ನು ಬೆಂಚಿನ ವೈಸಿಗೆ ಕಚ್ಚಿಸಿ ಉಜ್ಜುತ್ತ ಒಂದು ಮುಖವನ್ನು ಸಮತಟ್ಟು ಮಾಡಬೇಕು. ಕೇಳಲು ಸುಲಭ. ಆದರೆ ಅರ ಹಿಡಿದ ಕೈ ತಕ್ಕಡಿಯಂತೆ ಮೇಲೆ ಕೆಳಗೆ ಆಡುತ್ತದೆ, ತುಂಡಿನ ನಡುವೆ ಉಬ್ಬು ಉಳಿಯುತ್ತದೆ. ಮಟ್ಟಗೋಲು ಇಟ್ಟು ಬೆಳಕಿಗೆ ಹಿಡಿದರೆ ಸಂದಿನಲ್ಲಿ ಬೆಳಕು ಇಣುಕುತ್ತದೆ. ಬೆಳಕು ನಿಲ್ಲುವವರೆಗೆ ಉಜ್ಜಬೇಕು. ಅಂಗೈಯಲ್ಲಿ ಬೊಕ್ಕೆ ಏಳುತ್ತದೆ. ಪೇಟೆಯ ಮಕ್ಕಳು ಬೇಸರಪಟ್ಟು ಬಿಟ್ಟುಹೋಗುವುದು ಇಲ್ಲಿಯೇ. ದಿನವಿಡೀ ಬೆನ್ನು ಬಾಗಿಸಿ ಸಸಿ ನೆಟ್ಟು ಅಭ್ಯಾಸವಾದವನು ಇಲ್ಲಿ ಸೋಲುವುದಿಲ್ಲ.

ಅವನಿಗೆ ಕಷ್ಟ ಬರುವುದು ಮುಂದಿನ ಹೆಜ್ಜೆಯಲ್ಲಿ, ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಬಂದಾಗ. ಗದ್ದೆಯಲ್ಲಿ ಅಳತೆಯೆಂದರೆ ಗೇಣು, ಮೊಳ, ಅಂದಾಜು. ಇಲ್ಲಿ ಮಿಲಿಮೀಟರಿನ ಐವತ್ತನೆಯ ಭಾಗ. ಇದರ ಉಪಾಯ ಸರಳ ಮತ್ತು ಸುಂದರ. ಮುಖ್ಯ ಪಟ್ಟಿಯ 49 ಮಿಲಿಮೀಟರನ್ನು ಜಾರುವ ಪಟ್ಟಿಯಲ್ಲಿ 50 ಸಮಭಾಗ ಮಾಡಿರುತ್ತಾರೆ. ಹೀಗಾಗಿ ಜಾರುವ ಪಟ್ಟಿಯ ಒಂದು ಮನೆ ಮುಖ್ಯ ಪಟ್ಟಿಯ ಮನೆಗಿಂತ 0.02 ಮಿಲಿಮೀಟರು ಕಿರಿದು. ಎಷ್ಟನೆಯ ಗೆರೆ ಎದುರು ಗೆರೆಗೆ ಕೂಡುತ್ತದೆ ಎಂದು ನೋಡಿದರೆ ಅಷ್ಟು ಪಟ್ಟು 0.02 ಸಿಗುತ್ತದೆ. ತಲೆಗೂದಲಿನ ದಪ್ಪಕ್ಕಿಂತ ಸಣ್ಣದನ್ನು ಬರಿಗಣ್ಣು ಹೀಗೆ ಹಿಡಿಯಬಲ್ಲದು.

ಈ ಒಂದು ಉಪಕರಣ ದಾಟಿದವನು ಅರ್ಧ ಹೊಳೆ ದಾಟಿದಂತೆ. ಅಂದಾಜಿನಿಂದ ಅಳತೆಗೆ ಬರುವುದೇ ಕೂಲಿಯಿಂದ ಕುಶಲಕರ್ಮಕ್ಕೆ ಬರುವ ದಾರಿ. ಕೈಗಾದ ಮೊದಲನೆಯ ಘಟಕ 2018ರ ಡಿಸೆಂಬರಿನಲ್ಲಿ 962 ದಿನ ನಿಲ್ಲದೆ ಓಡಿದ ದಾಖಲೆ ಮಾಡಿತು. ಆ ಹೊತ್ತಿಗೆ ಅದು ವಿಶ್ವದಾಖಲೆ. ಪತ್ರಿಕೆಗಳು ವಿಜ್ಞಾನಿಗಳನ್ನು ಹೊಗಳಿದವು, ಸರಿಯೇ. ಆದರೆ ಅಷ್ಟು ದಿನ ಒಂದು ಕೊಳವೆ ಸೋರದೆ, ಒಂದು ಬೇರಿಂಗ್ ಕಾಯದೆ ಇರಬೇಕಾದರೆ ಅದರ ಹಿಂದೆ ಎಷ್ಟು ಫಿಟ್ಟರುಗಳ, ವೆಲ್ಡರುಗಳ ಕೈ ಇದೆ ಎಂದು ಯಾರೂ ಬರೆಯಲಿಲ್ಲ.

ಗೇಜು ಕೇಳುವುದಿಲ್ಲ

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ವಿಷಯ ಇಲ್ಲಿ ಹೇಳಬೇಕು. ಹೆಸರು ಬರೆದರೆ ಅವನಿಗೆ ಸಂಕೋಚವಾದೀತು. ತಂದೆ ತಾಯಿ ಇಬ್ಬರೂ ಪರರ ಗದ್ದೆಯಲ್ಲಿ ದುಡಿಯುವವರು. ಮಳೆಗಾಲ ಹಿಡಿದರೆ ಹುಡುಗ ಎರಡು ವಾರ ಶಾಲೆಗೆ ಕಾಣುತ್ತಿರಲಿಲ್ಲ. ಕೊಯ್ಲಿನಲ್ಲಿ ಮತ್ತೆ ಹಾಗೆಯೇ. ಗಣಿತವನ್ನು ಎರಡನೆಯ ಸಲಕ್ಕೆ ಪಾಸು ಮಾಡಿದ. ಐಟಿಐಗೆ ಅರ್ಜಿ ಹಾಕಿಸೋಣ ಎಂದು ಮನೆಗೆ ಹೋದಾಗ ತಾಯಿ ಕೇಳಿದರು: “ಮಾಸ್ತರರೇ, ಅವನು ಈಗ ದಿನಕ್ಕೆ ಒಂದಾಳಿನ ಕೂಲಿ ತರುತ್ತಾನೆ. ಎರಡು ವರ್ಷ ಅದು ನಿಂತರೆ ಒಲೆ ಹೊತ್ತಿಸುವುದು ಹೇಗೆ?”

ಇದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ತರಬೇತಿಯ ಶುಲ್ಕ ಸರಕಾರಿ ಸಂಸ್ಥೆಯಲ್ಲಿ ದೊಡ್ಡದಲ್ಲ. ದೊಡ್ಡದು ಬಿಟ್ಟುಹೋಗುವ ಕೂಲಿ. ಬಡವನ ಮಗನ ಎರಡು ವರ್ಷದ ಖರ್ಚನ್ನು ಲೆಕ್ಕ ಹಾಕುವವರು ಈ ಬಾಬತ್ತನ್ನೇ ಮರೆಯುತ್ತಾರೆ. ಆ ಮನೆಯವರು ಹೇಗೋ ದಾರಿ ಮಾಡಿಕೊಂಡರು. ಹುಡುಗ ಭಾನುವಾರ ಮತ್ತು ರಜೆಯಲ್ಲಿ ಕೂಲಿಗೆ ಹೋದ. ಚಿಕ್ಕಪ್ಪ ಬಸ್ಸಿನ ಪಾಸಿಗೆ ಹಣ ಕೊಟ್ಟರು. ತಾಯಿ ಸಂಘದಲ್ಲಿ ಸಾಲ ಮಾಡಿದರು. ಇಂದು ಅವನು ಒಂದು ಕಾರ್ಖಾನೆಯ ದುರಸ್ತಿ ವಿಭಾಗದಲ್ಲಿ ಕಾಯಂ ನೌಕರ. ಒಮ್ಮೆ ಊರಿಗೆ ಬಂದಾಗ ಅವನು ಹೇಳಿದ ಮಾತು ಇದು: “ಸರ್, ಗದ್ದೆಯಲ್ಲಿ ನಾನು ಮಾಡಿದ ಕೆಲಸ ಸರಿಯೋ ತಪ್ಪೋ ಅಂತ ಒಡೆಯ ಹೇಳಬೇಕಿತ್ತು. ಇಲ್ಲಿ ಗೇಜು ಹೇಳುತ್ತದೆ. ನೀನು ಯಾರ ಮಗ ಅಂತ ಗೇಜು ಕೇಳುವುದಿಲ್ಲ.”

ಸಂಬಳಕ್ಕಿಂತ ದೊಡ್ಡ ಮಾತು ಇದು. ಕೂಲಿಯ ಬಾಲ್ಯದಲ್ಲಿ ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಹಸಿವಿಗಿಂತಲೂ ಇನ್ನೊಬ್ಬರ ಮರ್ಜಿ.

ತೆರೆದಿರುವ ಬಾಗಿಲುಗಳು

ಐಟಿಐ ಮುಗಿದ ಕೂಡಲೇ ಕೆಲಸ ಸಿಗುತ್ತದೆ ಎಂದು ನಂಬುವುದು ತಪ್ಪು. ನಡುವೆ ಇನ್ನೊಂದು ಮೆಟ್ಟಿಲು ಇದೆ, ಅಪ್ರೆಂಟಿಸ್‌ಶಿಪ್. 1961ರ ಕಾಯಿದೆಯ ಪ್ರಕಾರ ಕಾರ್ಖಾನೆಗಳು ತರಬೇತಿ ಅಭ್ಯರ್ಥಿಗಳನ್ನು ತೆಗೆದುಕೊಂಡು ಮಾಸಿಕ ಭತ್ಯೆ ಕೊಡಬೇಕು. 2019ರ ನಿಯಮಗಳಲ್ಲಿ ಐಟಿಐ ಪ್ರಮಾಣಪತ್ರವುಳ್ಳವರಿಗೆ ಕನಿಷ್ಠ 7,000 ರೂಪಾಯಿ ಎಂದು ಗೊತ್ತುಮಾಡಿದರು. ನಮ್ಮ ಮನೆಬಾಗಿಲಲ್ಲೇ ಇರುವ ಕಾರವಾರದ ನೌಕಾ ಹಡಗು ದುರಸ್ತಿ ಅಂಗಳ ಇಂಥ ಅಭ್ಯರ್ಥಿಗಳನ್ನು ಆರಿಸಿಕೊಳ್ಳುತ್ತದೆ. ಸಾವಿರಾರು ಟನ್ ತೂಕದ ಹಡಗನ್ನು ನೀರಿನಿಂದ ಮೇಲೆತ್ತಿ ಒಣನೆಲದಲ್ಲಿ ರಿಪೇರಿ ಮಾಡುವ ಸ್ಥಳವದು. ಕಲಿಯುವವನಿಗೆ ಅದಕ್ಕಿಂತ ದೊಡ್ಡ ಪಾಠಶಾಲೆ ಬೇಕೆ? ಅಣುವಿದ್ಯುತ್ ನಿಗಮ ಎಸ್ಸೆಸ್ಸೆಲ್ಸಿಯ ವಿಜ್ಞಾನ, ಗಣಿತದಲ್ಲಿ ಒಳ್ಳೆಯ ಅಂಕವಿರುವ ಐಟಿಐ ಅಭ್ಯರ್ಥಿಗಳನ್ನು ಭತ್ಯೆಸಹಿತ ತರಬೇತಿಗೆ ಆರಿಸಿ ತಂತ್ರಜ್ಞರನ್ನಾಗಿ ಮಾಡುತ್ತದೆ. ಕೈಗಾದಲ್ಲಿ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳಿಗೆ 2017ರಲ್ಲಿ ಕೇಂದ್ರದ ಒಪ್ಪಿಗೆ ದೊರೆತಿದೆ. ಅವು ಓಡುವ ಹೊತ್ತಿಗೆ ನಮ್ಮ ಮಕ್ಕಳು ಗೇಟಿನ ಒಳಗಿರಬೇಕೋ ಹೊರಗಿರಬೇಕೋ ಎಂಬುದು ಈಗಿನ ಎಂಟು ಒಂಬತ್ತನೆಯ ತರಗತಿಗಳಲ್ಲಿ ನಿರ್ಧಾರವಾಗುತ್ತದೆ.

ಓದು ಮುಂದುವರಿಸುವ ಆಸೆಯಿದ್ದರೆ ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿದೆ. ಬಿಡದಿಯಲ್ಲಿ ಟೊಯೊಟಾ ಕಂಪನಿ 2007ರಲ್ಲಿ ತೆರೆದ ತರಬೇತಿ ಸಂಸ್ಥೆ ಗ್ರಾಮೀಣ ಬಡಮಕ್ಕಳಿಗೆ ಮೂರು ವರ್ಷದ ವಸತಿಸಹಿತ ತರಬೇತಿ ನೀಡುತ್ತ ಬಂದಿದೆ. ಊಟ ವಸತಿ ಅವರದೇ ಆದ್ದರಿಂದ ಒಲೆಯ ಪ್ರಶ್ನೆ ಅರ್ಧ ಪರಿಹಾರವಾಗುತ್ತದೆ. ಹದಿನೆಂಟು ದಾಟಿ, ಓದು ಬಿಟ್ಟು ಬಹಳ ದಿನವಾದವರಿಗೆ ಇನ್ನೊಂದು ದಾರಿಯಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಕೆಲವೇ ವಾರಗಳ ಉಚಿತ ತರಬೇತಿ ಕೊಟ್ಟು ಸ್ವಂತ ಉದ್ಯೋಗಕ್ಕೆ ಹಚ್ಚುವ ಪದ್ಧತಿ ತಂದಿತು. ಅದೇ ಮಾದರಿ ಮುಂದೆ ದೇಶದ ಜಿಲ್ಲೆಗಳಿಗೆ ಹಬ್ಬಿತು. ನಮ್ಮ ಜಿಲ್ಲೆಯ ಹಳಿಯಾಳದಲ್ಲೂ ಅಂಥ ಸಂಸ್ಥೆಯಿದೆ. ಮೊಬೈಲ್ ದುರಸ್ತಿ, ವಿದ್ಯುತ್ ಮೋಟಾರಿನ ರಿವೈಂಡಿಂಗ್, ಹೊಲಿಗೆಯಂಥ ಕಸುಬಿಗೆ ಇದು ಸಾಕು. ಕಾರ್ಖಾನೆಯ ಕುಶಲ ಹುದ್ದೆಗೆ ಸಾಲದು. ಎರಡನ್ನೂ ಬೆರೆಸಿ ಯಾರೂ ಮೋಸಹೋಗಬಾರದು.

ಎಲ್ಲ ಕಡೆಯೂ ಹೂವಿನ ಹಾದಿಯಿಲ್ಲ. ಬೋರ್ಡು ದೊಡ್ಡದಾಗಿ ಹಾಕಿ, ಒಳಗೆ ಲೇತು ತಿರುಗದ ಸಂಸ್ಥೆಗಳೂ ಇವೆ. ಮಗನನ್ನು ಸೇರಿಸುವ ಮುಂಚೆ ತಂದೆತಾಯಿ ಮೂರು ಪ್ರಶ್ನೆ ಕೇಳಬೇಕು. ಈ ವೃತ್ತಿಗೆ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇದೆಯೇ? ವಾರಕ್ಕೆ ಎಷ್ಟು ಗಂಟೆ ವರ್ಕ್‌ಶಾಪು? ಕಳೆದ ವರ್ಷ ಕಲಿತವರು ಈಗ ಎಲ್ಲಿದ್ದಾರೆ? ವರ್ಕ್‌ಶಾಪಿಗೆ ಒಮ್ಮೆ ಹೋಗಿ ಯಂತ್ರದ ಮೇಲೆ ಬೆರಳಾಡಿಸಿ ನೋಡಲಿ. ಬೆರಳಿಗೆ ಧೂಳು ಹತ್ತಿದರೆ ಬೇಡ, ಎಣ್ಣೆ ಹತ್ತಿದರೆ ಸೇರಿಸಲಿ.

ಹೆಣ್ಣುಮಕ್ಕಳ ವಿಷಯ ಇನ್ನೂ ಹಿಂದುಳಿದಿದೆ. ನಾಟಿಯ ಗದ್ದೆಯಲ್ಲಿ ಸಾಲು ತಪ್ಪದೆ, ಬೆರಳು ಸೋಲದೆ ಕೆಲಸ ಮಾಡುವವರು ಹೆಂಗಸರೇ. ಆ ಬೆರಳುಗಳ ನಯಗಾರಿಕೆ ಎಲೆಕ್ಟ್ರಾನಿಕ್ಸ್ ಜೋಡಣೆಗೂ ವೈರಿಂಗಿಗೂ ಹೇಳಿಮಾಡಿಸಿದಂಥದು. ಆದರೂ ಮಗಳಿಗೆ ಹೊಲಿಗೆ, ಮಗನಿಗೆ ಫಿಟ್ಟರ್ ಎಂದು ಮನೆಯಲ್ಲೇ ತೀರ್ಮಾನವಾಗಿರುತ್ತದೆ. ಮಗಳನ್ನೂ ವರ್ಕ್‌ಶಾಪಿಗೆ ಕರೆದೊಯ್ದು ತೋರಿಸುವ ತಂದೆತಾಯಿ ಇನ್ನೂ ಕಡಿಮೆ.

ಯಾರು ಏನು ಮಾಡಬಹುದು?

ಶಾಲೆಯಲ್ಲಿ ನಾವು ಮಾಡಬಹುದಾದದ್ದು ಬಹಳವಿದೆ. ಸನ್ನೆಯನ್ನು ಕಲಿಸುವಾಗ ಏತವನ್ನು, ವಾಯುಭಾರ ಕಲಿಸುವಾಗ ಪಂಪ್‌ಸೆಟ್ಟನ್ನು, ಲೋಹ ಕಲಿಸುವಾಗ ಕುಲುಮೆಯನ್ನು ಎದುರಿಗಿಟ್ಟರೆ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕುಳಿತ ಕೂಲಿಯವರ ಮಗ ತಲೆಯೆತ್ತುತ್ತಾನೆ. ತನಗೆ ಗೊತ್ತಿರುವುದೂ ವಿಜ್ಞಾನವೇ ಎಂದು ತಿಳಿದವನಿಗೆ ಗಣಿತದ ಭಯ ಅರ್ಧ ಇಳಿಯುತ್ತದೆ. ದಶಮಾಂಶ, ಭಿನ್ನರಾಶಿ, ತ್ರಿಕೋನದ ಲೆಕ್ಕ, ಇವಿಷ್ಟು ಗಟ್ಟಿಯಾದರೆ ಐಟಿಐಯ ಗಣಿತ ದಾಟಬಹುದು.

ಊರಿನವರು ಮಾಡಬಹುದಾದದ್ದು ಇನ್ನೊಂದು. ಜಾತ್ರೆಗೆ, ಕ್ರಿಕೆಟ್ ಪಂದ್ಯಕ್ಕೆ ವರ್ಗಣಿ ಎತ್ತುವ ನಮ್ಮ ಸಂಘಗಳು, ಪ್ರತಿವರ್ಷ ಕೂಲಿಯ ಮನೆಯ ಒಬ್ಬ ಹುಡುಗ, ಒಬ್ಬಳು ಹುಡುಗಿಯ ಎರಡು ವರ್ಷದ ಬಸ್ಸಿನ ಪಾಸು ಮತ್ತು ಮಧ್ಯಾಹ್ನದ ಊಟ ವಹಿಸಿಕೊಂಡರೆ ಸಾಕು. ಹಣ ದೊಡ್ಡದಲ್ಲ. ಕೆಲಸಕ್ಕೆ ಸೇರಿದ ಮೇಲೆ ಅವರೇ ಮುಂದಿನವರಿಗೆ ಕೊಡಲಿ ಎಂಬ ಒಪ್ಪಂದವಿದ್ದರೆ ನಿಧಿ ಬತ್ತುವುದೂ ಇಲ್ಲ.

ದಿನಕರ ದೇಸಾಯಿಯವರ ಕಾಲದಲ್ಲಿ ಒಕ್ಕಲಿಗನ ಹೋರಾಟ ನೆಲಕ್ಕಾಗಿ ಇತ್ತು. ಆ ನೆಲದಲ್ಲಿ ಬಹಳಷ್ಟು ಈಗ ಬೇಲಿಯ ಒಳಗಿದೆ. ಅಲ್ಲಿಗೆ ಒಡೆಯರಾಗಿ ಮರಳುವುದು ಸಾಧ್ಯವಿಲ್ಲ, ಕುಶಲಕರ್ಮಿಗಳಾಗಿ ಮರಳಬಹುದು. ಅದಕ್ಕೆ ಬೇಕಾದ ಕೈ ನಮ್ಮ ಮಕ್ಕಳಲ್ಲಿ ಆಗಲೇ ಇದೆ. ಬೇಕಾದದ್ದು ಎರಡು ವರ್ಷ, ಆ ಎರಡು ವರ್ಷ ಮನೆಯ ಒಲೆ ಆರದಂತೆ ನೋಡಿಕೊಳ್ಳುವ ನಾಲ್ಕು ಜನ. ಬರುವ ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ, ಶೇಕಡಾ ತೊಂಬತ್ತು ಅಂಕ ಪಡೆದವರ ಭಾವಚಿತ್ರ ಪತ್ರಿಕೆಯಲ್ಲಿ ನೋಡಿ ಸಂತೋಷಪಡೋಣ. ಆಮೇಲೆ ಮೂವತ್ತೈದು ನಲವತ್ತು ಪಡೆದು ಸದ್ದಿಲ್ಲದೆ ಕೂಲಿಗೆ ಹೊರಟವರ ಮನೆಯ ಬಾಗಿಲಿಗೂ ಒಮ್ಮೆ ಹೋಗಿ ಬರೋಣ.